ಅಕ್ಕ ಪಂಚಾಯ್ತಿ ಅಧ್ಯಕ್ಷಿ, ಕಾರಬಾರೆಲ್ಲಾ ಭಾವಂದು. ಏನ್ ಮಾಡ್ಬೇಕ್ರಿ?

ಕುಷ್ಟಗಿ_ತಂಗಿ:

ಎಲ್ಲಾರಿಗೂ ನಮಸ್ಕಾರ್ರಿ. ಊರ ಹೆಸರು ಬರಿಯಂಗಿಲ್ಲ, ಕುಷ್ಟಗಿ ತಾಲೂಕು ಅಂತ ತಿಳ್ಕೊಳ್ರಿ ಸಾಕು, ಬರದ್ರ ನಾಳೆ ಮುಂಜಾನೆ ಚಾ ಕುಡಿಯೋದ್ರಾಗ ನಮ್ಮ ಭಾವನ ವಾಟ್ಸಾಪಿಗೆ ಸ್ಕ್ರೀನ್‌ಶಾಟ್ ಮುಟ್ಟಿರ್ತೈತಿ.

ನಮ್ಮಕ್ಕ ಗ್ರಾಮ ಪಂಚಾಯ್ತಿ ಅಧ್ಯಕ್ಷಿ ಅದಾಳ. ವಾರ್ಡು ಮಹಿಳಾ ಮೀಸಲು ಬಂತಂತ ಭಾವ ಅಕ್ಕನ್ನ ನಿಲ್ಸಿದ, ಗೆದ್ದಳು, ಆಮ್ಯಾಲೆ ಅಧ್ಯಕ್ಷ ಸ್ಥಾನನೂ ಮಹಿಳೆಗೇ ಬಂತು, ಮೆಂಬರ್‌ಗಳ್ನೆಲ್ಲ ಟೂರ್ ಕರ್ಕೊಂಡು ಹೋಗಿ ಬಂದ್ರು, ಅಧ್ಯಕ್ಷಿ ಆದಳು. ಆ ಟೂರಿಗೆ ಅಕ್ಕ ಹೋಗಿಲ್ಲ, ಭಾವ ಹೋಗಿದ್ದ. ಇಷ್ಟು ಹೇಳಿದ್ರ ಉಳಿದಿದ್ದು ನಿಮಗ ತಿಳೀತೈತಿ.

ಪಂಚಾಯ್ತಿ ಗೋಡಿ ಮ್ಯಾಲೆ ಅಧ್ಯಕ್ಷರ ಮೊಬೈಲ್ ನಂಬರ್ ಅಂತ ಬರದಿದ್ದು ಭಾವಂದು. ಊರಾಗ ಎಲ್ಲಾರೂ ಭಾವಗ ಅಧ್ಯಕ್ಷರ ಬರ್ರಿ, ಅಧ್ಯಕ್ಷರ ಕುಂದ್ರಿ ಅಂತಾರ. ಯಾರರ ಮನಿ ಮುಂದ ಬಂದು ಅಧ್ಯಕ್ಷರು ಅದಾರೇನ್ರಿ ಅಂದ್ರ ನಮ್ಮಕ್ಕ ಬಾಗ್ಲಾಗ ನಿಂತು "ಇಲ್ರಿ, ಹೊಲಕ್ಕ ಹೋಗ್ಯಾರ" ಅಂತಾಳ. ನಾ ನನ್ನ ಕಿವಿಯಾರೆ ಕೇಳೀನಿ, ನಗಬೇಕೋ ಅಳಬೇಕೋ ತಿಳೀಲಿಲ್ಲ. ಆಗಸ್ಟ್ ಹದಿನೈದಕ್ಕ ಧ್ವಜ ಏರ್ಸಾಕ ಅಕ್ಕನ್ನ ರೇಷ್ಮಿ ಸೀರಿ ಉಡ್ಸಿ ಕರ್ಕೊಂಡು ಹೋದ್ರು, ಆಕಿ ಹಗ್ಗಕ್ಕ ಕೈ ಹಚ್ಚೋದ್ರಾಗ ಭಾವ ಬಾಜೂಕ ಬಂದು ತಾನ ಜಗ್ಗಿಬಿಟ್ಟ, ಫೇಸ್‌ಬುಕ್ಕಿಗೆ ಹಾಕಿದ ಫೋಟೋದಾಗ ಅಕ್ಕನ ಸೆರಗು ಅಷ್ಟ ಕಾಣ್ತೈತಿ.

ಭಾವ ಕೆಟ್ಟಾಂವಲ್ರಿ, ಕುಡಿಯಂಗಿಲ್ಲ ಬಡಿಯಂಗಿಲ್ಲ, ಅಕ್ಕನ್ನ ಚಲೋ ನೋಡ್ಕೊಂತಾನ. ಆದ್ರ "ನಿನಗ ಅದೆಲ್ಲ ತಿಳಿಯಂಗಿಲ್ಲ, ಸಹಿ ಮಾಡು" ಅಂತ ದಿನಾ ಅಂದೂ ಅಂದೂ ಈಗ ಅಕ್ಕನೂ ಅದನ್ನ ಅನ್ನಾಕತ್ತಾಳ. ಈಕಿ ಪಿಯುಸಿ ಪಾಸು, ನಮ್ಮ ಮನಿಯಾಗ ಲೆಕ್ಕದಾಗ ಎಲ್ಲಾರಿಗಿಂತ ಶ್ಯಾಣೆ, ಮದುವಿ ಆದಮ್ಯಾಲೂ ಸ್ತ್ರೀಶಕ್ತಿ ಸಂಘದ ಪುಸ್ತಕ ಈಕಿನ ಬರಿತಿದ್ದಳು, ಸಾಲ ಕೊಡಾಕ ಸತಾಯಿಸಿದ ಬ್ಯಾಂಕಿನ ಮ್ಯಾನೇಜರ್ ಮುಂದ ಕುಂತು ಬಡ್ಡಿ ಲೆಕ್ಕ ತಗದು ಬಾಯಿ ಮುಚ್ಸಿ ಬಂದಾಕಿ. ಅಂಥಾಕಿ ಈಗ ಪಂಚಾಯ್ತಿ ಅಂದ ಕೂಡ್ಲೆ "ನನಗ ಅಂಜಿಕಿ ಬರ್ತೈತವಾ" ಅಂತಾಳ. ಅವ್ವಗ ಹೇಳಿದ್ರ, ಗಂಡನ ಮರ್ಯಾದಿ ತೆಗಿಬ್ಯಾಡ್ರಿ, ಸಂಸಾರ ಮುಖ್ಯ ಅಂತ ನನಗ ಬೈದಳು.

ಭಾವ ಹಿಂಗ ಮಾಡೂದು ಕಾನೂನ್ ಪ್ರಕಾರ ಸರಿ ಐತೇನು? ಅಕ್ಕನ್ನ ಮೀಟಿಂಗಿನಾಗ ಬಾಯಿ ಬಿಡೂ ಹಂಗ ಮಾಡಾಕ ಏನರ ದಾರಿ ಐತೇನು? ಕಂಪ್ಲೇಂಟ್ ಗಿಂಪ್ಲೇಂಟ್ ಹೇಳಬ್ಯಾಡ್ರಿ, ಮನಿಯಾಗ ಜಗಳ ಹಚ್ಚಾಕ ನನಗ ಆಗಂಗಿಲ್ಲ. ಗೊತ್ತಿದ್ದವ್ರು ಹೇಳ್ರಿ.

ಮಾನ್ವಿ_ಬಿಸ್ಲು:

ತಂಗಿ, ನಾನು ರಾಯಚೂರು ಜಿಲ್ಲಾದಾಗ ಪಿಡಿಒ, ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಇದ್ದೀನಿ, ನಿಮ್ಮಕ್ಕನಂಥ ಅಧ್ಯಕ್ಷರ ಸಂಗಟ ಕೆಲಸ ಮಾಡೀನಿ, ನಿಮ್ಮ ಭಾವನಂಥವರ ಸಂಗಟ ಅಂತೂ ದಿನಾ ಮಾಡ್ತೀನಿ.

ಮೊದ್ಲು ಕಾನೂನು. ಸಭಾದಾಗ ಕುಂದ್ರೋ ಹಕ್ಕು ಚುನಾಯಿತ ಸದಸ್ಯರಿಗೆ, ಅಧಿಕಾರಿಗಳಿಗೆ ಅಷ್ಟೇ ಅದ. ಗಂಡ, ಮಗ, ಮೈದುನ ಯಾರಿಗೂ ಇಲ್ಲ. ಇದರ ಬಗ್ಗೆ ನಮ್ಮ ಇಲಾಖೆಯಿಂದ ಸುತ್ತೋಲೆ ಬಂದಾವ, ಬಂದು ಫೈಲಿನಾಗ ಮಲಗ್ಯಾವ. 2023ರ ಜುಲೈದಾಗ ಸುಪ್ರೀಂ ಕೋರ್ಟಿನ ಮುಂದೆ ಈ ವಿಷಯ ಹೋಗಿತ್ತು, ಇದನ್ನ ಕೇಂದ್ರದ ಪಂಚಾಯತ್ ರಾಜ್ ಮಂತ್ರಾಲಯ ನೋಡ್ಬೇಕು ಅಂತ ಹೇಳಿದ್ರು, ಅವರು ಒಂದು ಸಮಿತಿ ಮಾಡಿದ್ರು, ಸಮಿತಿ 2025ರಾಗ ವರದಿ ಕೊಟ್ಟದ, ಹಿಂದೆ ಕುಂತು ಕಾರಬಾರ ಮಾಡೋ ಗಂಡಂದಿರಿಗೆ ಗಟ್ಟಿ ದಂಡ ಹಾಕ್ಬೇಕು ಅಂತ ಅದರಾಗ ಅದ. ಪ್ರಧಾನಮಂತ್ರಿಗಳೇ 2015ರ ಪಂಚಾಯತ್ ರಾಜ್ ದಿನದಂದು ಈ 'ಸರಪಂಚ್ ಪತಿ' ಪದ್ಧತಿ ನಿಲ್ಲಬೇಕು ಅಂದಿದ್ರು. ಊರಾಗ ಎಷ್ಟು ನಿಂತದ ಅನ್ನೋದು ನಿಮಗೇ ಗೊತ್ತದ.

ಆದ್ರೆ ನಿಮ್ಮಕ್ಕಗೆ ಸುತ್ತೋಲೆ ತೋರ್ಸಿದ್ರೆ ಧೈರ್ಯ ಬರಲ್ಲ. ಆಕಿಗೆ ಇದು ಹೇಳ್ರಿ: ದುಡ್ಡಿನಾಗ ಹೆಚ್ಚುಕಡಿಮೆ ಆದ್ರೆ ನೋಟೀಸ್ ಬರೋದು ಆಕಿ ಹೆಸರಿಗೆ, ನಿಮ್ಮ ಭಾವನ ಹೆಸರಿಗಲ್ಲ. ಬಿಲ್ಲಿಗೆ ಅಧ್ಯಕ್ಷರದು, ಪಿಡಿಒದು ಇಬ್ಬರದೂ ಸಹಿ ಬೇಕು. ಉದ್ಯೋಗ ಖಾತ್ರಿ ಕೆಲಸದ ಸಾಮಾಜಿಕ ಲೆಕ್ಕ ಪರಿಶೋಧನೆಯಾಗ ಕೆಲಸ ಆಗಿಲ್ಲ, ಬಿಲ್ ಆಗ್ಯದ ಅಂತ ಸಿಕ್ಕರೆ ವಸೂಲಿ ಬೀಳೋದು ಸಹಿ ಮಾಡಿದವರ ಮ್ಯಾಲೆ. ಅಧ್ಯಕ್ಷ ಸ್ಥಾನದಿಂದ ತೆಗಿಯೋದೂ ಆಕಿನ್ನೇ. "ನಮ್ಮ ಯಜಮಾನ್ರು ಮಾಡಂದ್ರು, ಮಾಡಿದೆ" ಅಂತ ಹೇಳಿದ್ರೆ ಯಾವ ಅಧಿಕಾರಿನೂ ಕೇಳಲ್ಲ.

ಈಗ ಅಸಲಿ ವಿಷಯ. ಮೊದ್ಲೆಲ್ಲ ಚೆಕ್ ಬುಕ್ಕು ಮನಿಗೆ ಹೋಗ್ತಿತ್ತು, ಈಗ ಅದೂ ಬೇಕಿಲ್ಲ, ಡಿಜಿಟಲ್ ಸಹಿ ಬಂದದ, ಪೆನ್‌ಡ್ರೈವ್ ಹಂಗ ಒಂದು ಡಾಂಗಲ್, ಅದಕ್ಕೊಂದು ಪಿನ್. ನಿಮ್ಮಕ್ಕನ ಡಾಂಗಲ್ ಎಲ್ಲದ ಅಂತ ಆಕಿನ್ನ ಕೇಳ್ರಿ. ನನ್ನ ಅಂದಾಜು, ಆಕಿ ಅದನ್ನ ನೋಡೇ ಇರ್ಲಿಕ್ಕಿಲ್ಲ. ಒಂದೋ ಭಾವನ ಗಾಡಿ ಕೀಲಿಗೊಂಚಲಿನಾಗ ಇರ್ತದ, ಇಲ್ಲಾ ಆಫೀಸಿನಾಗ ಆಪರೇಟರ್‌ನ ಡ್ರಾದಾಗ ಇರ್ತದ, ಪಿನ್ ಚೀಟಿ ಮ್ಯಾಲೆ ಬರೆದು ಮಾನಿಟರಿಗೆ ಅಂಟಿಸಿರ್ತಾರ. ಅಂದ್ರೆ ಆಕಿ ಅಡಿಗಿ ಮಾಡ್ಕೋತ ಇರೋ ಹೊತ್ತಿನಾಗ ಆಕಿ ಸಹಿ ಆಗಿ ಲಕ್ಷಗಟ್ಟಲೆ ದುಡ್ಡು ಹೋಗಿರ್ತದ. ಧೈರ್ಯ, ಭಾಷಣ ಎಲ್ಲ ಆಮ್ಯಾಲೆ, ಮೊದ್ಲು ಆ ಡಾಂಗಲ್ ಆಕಿ ಟ್ರಂಕಿನಾಗ ಬರ್ಲಿ, ಪಿನ್ ಬದ್ಲಿ ಆಗ್ಲಿ. ಆವಾಗ ಪ್ರತಿ ಬಿಲ್ಲಿಗೂ ಆಕಿ ಮುಂದ ಕುಂದ್ರಬೇಕಾಗ್ತದ, ಇದು ಯಾವ ಬಿಲ್ರಿ ಅಂತ ಕೇಳೋದು ತಾನೇ ಬರ್ತದ.

ನಮ್ಮ ಪಿಡಿಒಗಳದೂ ತಪ್ಪದ, ಮುಚ್ಚಿಡೋದೇನದ. ಗಂಡ ಇದ್ರೆ ಬಹಳ ಮಂದಿಗೆ ಸಲೀಸು, ರಾತ್ರಿ ಹತ್ತಕ್ಕೂ ಫೋನ್ ಹಚ್ಚಬಹುದು, ಧಾಬಾದಾಗ ಕುಂತು ಮಾತಾಡಬಹುದು. ಹೆಣ್ಮಗಳು ಬಂದು ಕುಂತ್ರೆ ಕಾಗದ ತೋರಿಸ್ಬೇಕಾಗ್ತದ.

ಕಾರಟಗಿ_ಮಂಡಿ:

ಎಲ್ಲಾರೂ ಒಂದ ಕಡೆ ಮಾತಾಡಾಕತ್ತೀರಿ, ಇನ್ನೊಂದ್ ಕಡೀದೂ ಕೇಳ್ರಿ. ಎಲೆಕ್ಷನ್ನಿಗೆ ಸಾಲ ಮಾಡಿ ದುಡ್ಡು ಸುರದಾಂವ ಯಾರು? ಭಾವ. ಮೆಂಬರ್‌ಗಳ್ನ ಕಾದಾಂವ ಯಾರು? ಭಾವ. ರಾತ್ರಿ ಹನ್ನೊಂದಕ್ಕ ಮೋಟರ್ ಸುಟ್ಟೈತಿ, ನೀರಿಲ್ಲ ಅಂತ ಜನ ಬಂದು ಬಾಗ್ಲಾ ಬಡದ್ರ ವಾಟರ್‌ಮನ್ನ ಎಬ್ಬಿಸ್ಕೊಂಡು ಹೋಗಾಂವ ಯಾರು? ಅವನ. ತಾಲೂಕ ಪಂಚಾಯ್ತಿಯಾಗ ಇಂಜಿನಿಯರ್ ಮುಂದ ದಿನಗಟ್ಲೆ ಬಾಗ್ಲಾ ಕಾಯೋದು, ಎಮ್ಮೆಲ್ಲೆ ಪಿಎ ಕೈಯಾಗ ಬೈಸ್ಕೊಳ್ಳೋದು ಇದೆಲ್ಲ ಆಕಿ ಮಾಡ್ತಾಳೇನು? ಮೀಸಲಾತಿ ಬಂದಿದ್ದಕ್ಕ ಹೆಸರು ಆಕೀದು ಬಂತು, ಇಲ್ಲಾಂದ್ರ ಅವನ ನಿಲ್ತಿದ್ದ. ಅದು ಊರಿಗೆಲ್ಲ ಗೊತ್ತಿದ್ದು ವೋಟ್ ಹಾಕ್ಯಾರ, ಯಾರಿಗೂ ಮೋಸ ಆಗಿಲ್ಲ.

ಇನ್ನೊಂದು ಮಾತು, ನಿಮ್ಮಕ್ಕನ ಅಂಜಿಕಿ ಬರ್ತೈತಿ ಬ್ಯಾಡ ಅಂತಾಳಂದ್ರ ನಿನಗ್ಯಾಕ ತಂಗಿ ಈ ಉಸಾಬರಿ? ಬ್ಯಾಡ ಅನ್ನಾಕಿಗೆ ಜುಲ್ಮಿ ಮಾಡಿ ಕುರ್ಚಿ ಮ್ಯಾಲೆ ಕುಂದ್ರಸೋದು ಯಾವ ಸಮಾನತೆ? ಸಿಟಿಯಾಗ ಕುಂತು ಫೋನ್ ಒತ್ತಾಕ ಭಾಳ ಹಗರ ಐತಿ, ಗ್ರಾಮಸಭೆಯಾಗ ನಿಂತು ಜನರ ಬಾಯಾಗಿಂದು ಕೇಳ್ಬೇಕಲ್ಲ ಆವಾಗ ತಿಳೀತೈತಿ. ನನ್ನ ಹೆಣ್ತಿಗೂ ಮುಂದಿನ ಸಲ ವಾರ್ಡ್ ಬರ್ಬಹುದು ಅಂತಾರ, ನಾ ಆಕೀನ್ನ ಆ ಗದ್ದಲದಾಗ ಒಬ್ಬಾಕೀನ್ನ ಅಂತೂ ಕಳಿಸಂಗಿಲ್ಲ, ಹೇಳಿರ್ತೀನಿ.

ಸಿಂಧನೂರ್_ಮಾಜಿ_ಮೆಂಬರ್:

ಕಾರಟಗಿ ಅಣ್ಣಾರ, ಸಿಟಿಯಾಗ ಕುಂತು ಬರಿಲಿಕತ್ತಿಲ್ಲ ನಾನು, ಐದು ವರ್ಷ ಮೆಂಬರ್ ಇದ್ದಾಕಿ, ನಿಮ್ಮ ಪಕ್ಕದ ತಾಲೂಕಿನಾಕಿ. ನೀವು ಹೇಳಿದ್ದು ಸುಳ್ಳಲ್ಲ, ರಾತ್ರಿ ಮೋಟರ್ ನೋಡ್ಲಿಕ್ಕೆ ಗಂಡಸ್ರೇ ಹೋಗ್ತಾರ. ಆದ್ರ ರಾತ್ರಿ ಹನ್ನೊಂದಕ್ಕ ಹೆಣ್ಮಗಳು ಹೊರಗ ಹೋಗಬಾರ್ದು ಅಂದಾವ್ರು ನೀವ, ಹೋಗಂಗಿಲ್ಲ ಅಂತ ಅಧಿಕಾರ ಇಸ್ಕೊಳ್ಳಾವ್ರೂ ನೀವ. ಮೋಟರ್ ಸುಟ್ಟ ಸುದ್ದಿ ಮೊದಲು ಯಾರಿಗೆ ತಿಳೀತದ ಅಂತ ಒಮ್ಮೆ ವಿಚಾರ ಮಾಡ್ರಿ, ಕೊಡ ತಗೊಂಡು ನಳದ ಮುಂದ ನಿಂತಾಕಿಗೆ.

ತಂಗಿ, ಈಗ ನಿನಗ ಹೇಳ್ತೀನಿ. ನಮ್ಮ ಪಂಚಾಯ್ತಿಯಾಗ ಮೊದಲನೇ ಮೀಟಿಂಗು ಹೆಂಗಿತ್ತು ಅಂದ್ರ, ಟೇಬಲ್ ಸುತ್ತ ಕೈ ಇರೋ ಕುರ್ಚಿ ಎಲ್ಲಾ ಗಂಡಸ್ರು, ಅದರಾಗ ಮೂರ್ನಾಕು ಮಂದಿ ಮೆಂಬರೇ ಅಲ್ಲ, ಮೆಂಬರ್ ಗಂಡಂದಿರು. ನಾವು ಹೆಣ್ಮಕ್ಳಿಗೆ ಬಾಗ್ಲಾ ಬಾಜು ಗೋಡಿಗೆ ಹಚ್ಚಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ರು. ಅಲ್ಲಿಂದ ಫ್ಯಾನಿನ ಸಪ್ಪಳ ಬಿಟ್ರ ಏನೂ ಕೇಳ್ಸಲ್ಲ. ಚಾ ಬಂತು, ಬಿಸ್ಕಿಟ್ ಬಂತು, ಠರಾವು ಪುಸ್ತಕ ಬಂತು, ಸಹಿ ಮಾಡ್ರಿ ಯವ್ವಾ ಲಗೂನ ಬಸ್ ತಪ್ತದ ಅಂತ ಬಿಲ್ ಕಲೆಕ್ಟರ್ ಪೆನ್ನು ಹಿಡ್ಕೊಂಡು ನಿಂತಿದ್ದ. ಪುಸ್ತಕದಾಗ ಏನಿತ್ತು ಗೊತ್ತೇನು, ಸಹಿ ಮಾಡೋ ಜಾಗ ಅಷ್ಟ ಇತ್ತು, ಮ್ಯಾಲಿನ ಹಾಳಿ ಪೂರ್ತಿ ಖಾಲಿ, ಆಮ್ಯಾಲೆ ಬರ್ಕೋತಾರಂತ.

ನಾನು ಹತ್ತನೇತ್ತ ಪಾಸಾದಾಕಿ, ಪೆನ್ನು ತಗೊಂಡು ಸಹಿ ಮಾಡ್ಲಿಕ್ಕೆ ಬಗ್ಗಿದ್ದೆ. ನನ್ನ ಬಾಜು ಒಬ್ಬಾಕಿ ಮುದುಕಿ ಮೆಂಬರ್, ಸಂತಿಯಾಗ ಕಾಯಿಪಲ್ಲೆ ಮಾರಾಕಿ, ಹೆಬ್ಬೆಟ್ಟು. ಆಕಿ "ಏನ್ ಬರ್ದೀರಿ ಓದಿ ಹೇಳ್ರಿ, ಆಮ್ಯಾಲೆ ಒತ್ತೀನಿ" ಅಂದಳು. ಬಿಲ್ ಕಲೆಕ್ಟರ್ ನಕ್ಕ, ಇನ್ನೂ ಬರ್ದಿಲ್ಲಬೇ ಅಂದ. "ಹಂಗಾರ ಬರದ ಮ್ಯಾಲೆ ಬರ್ತೀನಿ ತಗೋ, ತೂಕ ಮಾಡದ ಕಾಯಿಪಲ್ಲೆ ಮಾರ್ತೀನೇನು ನಾನು" ಅಂತ ಬಟ್ಟಿಗೆ ಹತ್ತಿದ ಮಸಿನ ಸೆರಗಿಗೆ ಒರ್ಸಿಕೊಂಡು ಕುಂತುಬಿಟ್ಲು. ಇಡೀ ಸಭಾ ಗಪ್ಪಾತು. ಓದು ಬಂದಾಕಿ ನಾನು ಸುಮ್ನಿದ್ದೆ, ಓದು ಬರ್ಲಾರದಾಕಿ ಕೇಳಿದ್ಲು. ಯಾಕಂದ್ರ ಆಕಿ ಮೂವತ್ತು ನಲವತ್ತು ವರ್ಷ ಸಂತಿಯಾಗ ಗಂಡಸ್ರ ಸಂಗಟ ಚೌಕಾಸಿ ಮಾಡ್ಕೋತ ಬಂದಾಕಿ, ಆಕಿಗೆ ಕೇಳೋದು ರೂಢಿ. ನಾನು ಕಲ್ತಿದ್ದು ಸಾಲಿಯಾಗ ಗಪ್ಪ ಕುಂದ್ರೋದು, ಮನಿಯಾಗ ತಲಿ ಬಗ್ಸೋದು.

ನಮ್ಮ ಕಡೆ ಭತ್ತ ನಾಟಿ ಗುಂಪು ನೋಡೀರಿಲ್ಲೋ, ಒಬ್ಬಾಕಿ ಮುಂದಾಳು ಇರ್ತಾಳ, ಎಕರೆಗೆ ಎಷ್ಟು ಅಂತ ರೈತನ ಸಂಗಟ ಬದುವಿನ ಮ್ಯಾಲೆ ನಿಂತು ಮಾತಾಡ್ತಾಳ, ಕಮ್ಮಿ ಅಂದ್ರ ಗುಂಪು ತಿರುಗಿಸ್ಕೊಂಡು ಹೋಗ್ತಾಳ, ಸಂಜಿಗೆ ಇಪ್ಪತ್ತು ಮಂದಿಗೆ ಪೈಸೆ ತಪ್ಪದಂಗ ಹಂಚ್ತಾಳ. ಅಂಥಾಕಿ ಪಂಚಾಯ್ತಿ ಬಾಗ್ಲಾ ದಾಟಿದ್ ಕೂಡ್ಲೆ ಬಾಯಿ ಕಟ್ತದ. ನಿನ್ನ ಅಕ್ಕಂದೂ ಅದೇ ಕತಿ, ಬ್ಯಾಂಕ್ ಮ್ಯಾನೇಜರ್ ಸಂಗಟ ಜಗಳಾಡಿ ಗೆದ್ದಾಕಿ ಅಂತ ನೀನೇ ಬರ್ದಿ. ಅಲ್ಲಿ ಸಂಘದ ಹೆಣ್ಮಕ್ಳು ಹಿಂದೆ ನಿಂತಿದ್ರು, ಪುಸ್ತಕ ಆಕಿ ಕೈಯಾಗೇ ಇತ್ತು. ಇಲ್ಲಿ ಆಕಿ ಒಬ್ಬಾಕಿ, ಪುಸ್ತಕ ಇನ್ಯಾರದೋ ಕೈಯಾಗ. ಅದಕ್ಕ ಆಕಿಗೆ ಧೈರ್ಯ ಹೇಳೋ ಕೆಲಸ ಬಿಡು, ಆ ಎರಡೂ ಇಲ್ಲಿಗೆ ತರೋ ದಾರಿ ನೋಡು. ಉಳಿದ ಮಹಿಳಾ ಮೆಂಬರ್‌ಗಳ್ನ ಮೀಟಿಂಗ್ ಹಿಂದಿನ ದಿನ ಮನಿಗೆ ಕರೀಲಿ, ಅರ್ಧಕ್ಕರ್ಧ ಹೆಣ್ಮಕ್ಳೇ ಇರ್ತಾರ. ಅಜೆಂಡಾ ಓದಿ, ಇದು ನೀ ಕೇಳು, ಇದು ನಾ ಕೇಳ್ತೀನಿ ಅಂತ ಹಂಚ್ಕೊಳ್ರಿ. ನಾವು ಹಂಗೇ ಮಾಡಿದ್ವಿ. ಮೊದಲು ಕೇಳಿದ್ದು ರೋಡು ಗೀಡಲ್ಲ, ಪಂಚಾಯ್ತಿ ಆಫೀಸಿನಾಗ ಹೆಣ್ಮಕ್ಳಿಗೆ ಪಾಯಖಾನಿ. ಹನ್ನೊಂದಕ್ಕ ಶುರು ಆದ ಮೀಟಿಂಗು ನಾಕು ಗಂಟೆ ತನಕ ನಡೀತಿತ್ತು, ನಾವು ನೀರು ಕುಡಿಲಾರದಂಗ ಕುಂತು, ತಾಳಲಾರ್ದ ಸಹಿ ಹಾಕಿ ಎದ್ದು ಹೋಗ್ತಿದ್ವಿ, ಮುಖ್ಯ ಠರಾವು ಎಲ್ಲಾ ನಾವು ಎದ್ದ ಮ್ಯಾಲೇ ಆಗ್ತಿದ್ವು. ಪಾಯಖಾನಿ ಆದ ಮ್ಯಾಲೆ ಕಡೀ ತನಕ ಕುಂತ್ವಿ ನೋಡು, ಗಂಡಸ್ರ ಮುಖ ನೋಡಂಗಿತ್ತು!

ಬೈಗಳ ಬಂದ್ವು, ಸುಳ್ಳು ಯಾಕ ಹೇಳ್ಲಿ. ಗಂಡಸ್ರ ನಡುವೆ ಕುಂದ್ರಾಕಿ, ಗಂಡನ್ನ ಮೂಲಿಗೆ ಹಾಕಿದಾಕಿ ಅಂತ ನಮ್ಮ ಯಜಮಾನ್ರಿಗೆ ಚಾದ ಅಂಗಡಿಯಾಗ ಕೇಳ್ಸೋ ಹಂಗ ಅಂತಿದ್ರು. ಅವರು ಮನಿಗೆ ಬಂದು ಊಟ ಬಿಡ್ತಿದ್ರು. ಕೆಲವು ದಿನ ಹಂಗೇ ಹೋತು. ಆಮ್ಯಾಲೆ ಹಸಿವಾತು, ಉಂಡ್ರು.

ಬಳ್ಳಾರಿ_ಉಪನ್ಯಾಸಕಿ:

ಅಯ್ಯೋ ಸಿಂಧನೂರಕ್ಕ, ಕೊನೆ ಸಾಲು ಓದಿ ಜೋರಾಗಿ ನಕ್ಕುಬಿಟ್ಟೆ.

ಕಾರಟಗಿಯವ್ರು ಹೇಳಿದ "ಮೀಸಲಾತಿ ಬಂದಿದ್ದಕ್ಕ ಹೆಸರು ಆಕೀದು ಬಂತು" ಅನ್ನೋ ಮಾತಿಗೆ ನಂದೊಂದು ಉತ್ತರ ಐತೆ. ಪಶ್ಚಿಮ ಬಂಗಾಳದಾಗೆ 495 ಹಳ್ಳಿ ಇಟ್ಕೊಂಡು ಒಂದು ಅಧ್ಯಯನ ಮಾಡಿದ್ರು, 2012ರಲ್ಲಿ ಬಂತು, ಮಾಡಿದವ್ರಲ್ಲಿ ಎಸ್ತರ್ ಡುಫ್ಲೊ ಒಬ್ರು, ಮುಂದೆ 2019ರಾಗೆ ನೊಬೆಲ್ ಬಂತಲ್ಲ ಅವ್ರು. ಪಂಚಾಯ್ತಿ ಪ್ರಧಾನ ಸ್ಥಾನ ಎರಡು ಸಲ ಮಹಿಳೆಗೆ ಮೀಸಲಾಗಿದ್ದ ಹಳ್ಳಿಗಳಾಗೆ, ಮಗ ಏನಾಗ್ಬೇಕು ಮಗಳು ಏನಾಗ್ಬೇಕು ಅಂತ ಅಪ್ಪ ಅವ್ವ ಇಟ್ಕೊಂಡಿರೋ ಆಸೆಯ ಅಂತರ 25% ಕಮ್ಮಿ ಆಗಿತ್ತು, ಹದಿಹರೆಯದ ಹುಡುಗ ಹುಡುಗೀರ ಸ್ವಂತ ಆಸೆಗಳಾಗೆ 32% ಕಮ್ಮಿ. ಹುಡುಗೀರು ಓದಿನಾಗೆ ಹುಡುಗ್ರ ಸಮ ಬಂದ್ರು, ಮನೆಗೆಲಸಕ್ಕೆ ಹೋಗ್ತಿದ್ದ ಟೈಮೂ ಇಳೀತು. ಗಮನಿಸಿ, ಒಂದೇ ಸಲ ಮೀಸಲಾದ ಕಡೆ ಇಷ್ಟು ಬದಲಾವಣೆ ಕಾಣಲಿಲ್ಲ, ಎರಡನೇ ಸಲಕ್ಕೆ ಕಂಡಿದ್ದು. ಅಲ್ಲೇನು ಗಂಡಂದಿರು ಸುಮ್ನಿದ್ರಾ? ಅಲ್ಲೂ ಇದ್ರು. ಆದ್ರೂ ಹೆಂಗಸು ಆ ಜಾಗದಾಗೆ ಇರೋದು ನೋಡ್ತಾ ನೋಡ್ತಾ ಊರಿಗೇ ರೂಢಿ ಆಗತ್ತೆ. ಅದಕ್ಕೇ ಧ್ವಜದ ಹಗ್ಗ ಯಾರು ಜಗ್ಗಿದ್ರು ಅನ್ನೋದು ಸಣ್ಣ ವಿಷಯ ಅಲ್ಲ ಕುಷ್ಟಗಿ ತಂಗಿ, ಅವತ್ತು ಸಾಲಾಗಿ ನಿಂತಿದ್ದ ಶಾಲೆ ಹುಡುಗೀರು ಅದನ್ನ ನೋಡಿದ್ದಾರೆ.

ನಮ್ಮ ರಾಜ್ಯಕ್ಕೆ ಇದೇನು ಹೊಸದಲ್ಲ. ದೇಶಕ್ಕೆಲ್ಲ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದಿದ್ದು 1993ರಾಗೆ, ಪಂಚಾಯ್ತಿ ಸೀಟುಗಳಾಗೆ ಹೆಂಗಸ್ರಿಗೆ ಮೂರನೇ ಒಂದು ಪಾಲು ಕೊಡ್ತು. ಅದಕ್ಕೂ ಮೊದ್ಲೇ ಆಗಿನ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬ್ರ ಕಾಲದಾಗೆ 1983ರ ಕಾಯ್ದೆಯಲ್ಲಿ ನಮ್ಮಲ್ಲಿ ಹೆಣ್ಣುಮಕ್ಳಿಗೆ 25% ಇತ್ತು, 1987ರಾಗೆ ಆ ಪ್ರಕಾರ ಎಲೆಕ್ಷನ್ನೂ ಆಯ್ತು. 2010ರಲ್ಲಿ 50% ಮಾಡಿದ್ರು. ಕೆಳಗಡೆ ಇಷ್ಟೊಂದು, ಮೇಲೆ ನೋಡಿದ್ರೆ 2023ರ ವಿಧಾನಸಭೆಗೆ ಗೆದ್ದಿದ್ದು 224ರಲ್ಲಿ 10 ಮಂದಿ ಹೆಂಗಸ್ರು. ಅವ್ರಲ್ಲಿ ಒಬ್ರು ನಿಮ್ಮ ಕಡೆ ದೇವದುರ್ಗದವ್ರು. ಮೀಸಲಾತಿ ಇಲ್ಲದ ಕಡೆ ಪಾರ್ಟಿಯವ್ರು ಟಿಕೆಟ್ಟೇ ಕೊಡಲ್ಲ, ಕೇಳಿದ್ರೆ ಗೆಲ್ಲೋ ಹೆಂಗಸ್ರು ಸಿಗಲ್ಲ ಅಂತಾರೆ. ಬಳ್ಳಾರಿಯವ್ರಿಗೆ ಇದನ್ನ ಹೇಳಬಾರ್ದು, 1999ರ ಲೋಕಸಭೆ ಎಲೆಕ್ಷನ್ನಾಗೆ ಸೋನಿಯಾ ಗಾಂಧಿ ಸುಷ್ಮಾ ಸ್ವರಾಜ್ ಇಬ್ರೂ ನಮ್ಮ ಬಿಸಿಲಾಗೆ ಸುತ್ತಾಡಿದ್ದನ್ನ ನೋಡಿದ ಊರು ಇದು. ಸುಷ್ಮಾ ಅವ್ರು ಕನ್ನಡ ಕಲ್ತು ಭಾಷಣ ಮಾಡಿದ್ರು, ಸೋತ್ರು, ಆಮೇಲೂ ವರಮಹಾಲಕ್ಷ್ಮಿ ಹಬ್ಬಕ್ಕೆ ಬರ್ತಿದ್ರು. ಅವಾಗ ಯಾರೂ ಇವ್ರ ಗಂಡ ಎಲ್ಲಿ ಅಂತ ಕೇಳಲಿಲ್ಲ.

ಇನ್ನು "ದುಡ್ಡು ಸುರಿದವ್ರು ಯಾರು" ಅಂದ್ರಲ್ಲ ಕಾರಟಗಿ ಅಣ್ಣ, ಅದಕ್ಕೆ ನಂಗೆ ಕೋಪ ಬಂತು. ಸಾಲ ಸಿಕ್ಕಿದ್ದು ಯಾವುದ್ರ ಮೇಲೆ, ಹೊಲದ ಮೇಲೆ. ಹೊಲ ಅವ್ರ ಹೆಸ್ರಾಗೆ ಯಾಕೈತೆ? ಅವ್ರ ಅಕ್ಕತಂಗೀರು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಒಂದು ಸೀರೆ, ಅರಿಶಿನ ಕುಂಕುಮ ಇಸ್ಕೊಂಡು ಹೋಗಿರ್ತಾರೆ ಅದಕ್ಕೆ. ಪಿತ್ರಾರ್ಜಿತದಾಗೆ ಹೆಣ್ಣುಮಕ್ಳಿಗೆ ಸಮಪಾಲು ಅಂತ ಕರ್ನಾಟಕ 1994ರಾಗೇ ಕಾನೂನು ಮಾಡಿತ್ತು, ಕೇಂದ್ರದವ್ರು ಮಾಡಿದ್ದು 2005ರಾಗೆ. ಕೇಳಿದ ಹೆಣ್ಣುಮಗಳಿಗೆ ತವರುಮನೆ ಬಾಗ್ಲು ಮುಚ್ಚತ್ತೆ, ಕೇಳದೆ ಇದ್ರೆ ಅವ್ಳ ಹತ್ರ ಎಲೆಕ್ಷನ್ನಿಗೆ ಹಾಕೋಕೆ ದುಡ್ಡಿರಲ್ಲ, ಆಮೇಲೆ ದುಡ್ಡು ಯಾರು ಹಾಕಿದ್ರು ಅಂತ ಅವ್ಳನ್ನೇ ಕೇಳ್ತೀರಿ.

2011ರ ಜನಗಣತಿಯಾಗೆ ರಾಯಚೂರು ಜಿಲ್ಲೆಯ ಗಂಡಸ್ರ ಸಾಕ್ಷರತೆ 70% ದಾಟಿತ್ತು, ಹೆಂಗಸ್ರದು 49% ಕೂಡ ಮುಟ್ಟಿರಲಿಲ್ಲ. ಕೊಪ್ಪಳದಾಗೆ 78ಕ್ಕೆ 57. ಅಂಥ ಕಡೆ ಪಿಯುಸಿ ಪಾಸಾದ ಅಧ್ಯಕ್ಷೆ ಮನೇಲಿದ್ದಾಳೆ ಅಂದ್ರೆ ಅವ್ಳನ್ನ ಬಾಗ್ಲಾಗೆ ನಿಲ್ಸಿ ಹೊಲಕ್ಕೆ ಹೋಗ್ಯಾರೆ ಅಂತ ಹೇಳಿಸ್ತೀವಿ ನಾವು.

ಕಾರಟಗಿ_ಮಂಡಿ:

ಉಪನ್ಯಾಸಕಿ ಮೇಡಂ, ನಮ್ಮ ಅಕ್ಕ ತಂಗೇರ ಸೀರಿ ಕುಂಕುಮದ ತನಕ ಹೋದ್ರಲ್ಲ ನೀವು. ಹಕ್ಕು ಬಿಡುಗಡೆ ಪತ್ರಕ್ಕ ಯಾರೂ ಜುಲ್ಮಿ ಮಾಡಿಲ್ಲ ನಮ್ಮಲ್ಲಿ, ತಾವಾಗೇ ಬಂದು ಮಾಡ್ಯಾರ. ಆ ಮಾತು ಇರ್ಲಿ. ಡಾಂಗಲ್ ವಿಷಯ ಮಾತ್ರ ಮಾನ್ವಿ ಸಾಹೇಬ್ರು ಹೇಳಿದ್ದು ಖರೇ ಐತಿ, ನಮ್ಮೂರಾಗ ಹಿಂದಿನ ಅವಧಿ ಅಧ್ಯಕ್ಷಿಗೆ ಹಂಗ ಆತು, ಗಂಡ ಮಾಡಿದ ಬಿಲ್ಲಿಗೆ ಆಕಿ ಹೆಸರಿಗೆ ನೋಟೀಸ್ ಬಂದು ತಾಲೂಕ ಆಫೀಸಿಗೆ ಅಡ್ಡಾಡಿದ್ಲು ಪಾಪ, ಗಂಡ ಹೊರಗ ಗಾಡಿಯಾಗ ಕುಂತಿರ್ತಿದ್ದ.

ಸಿಂಧನೂರ್_ಮಾಜಿ_ಮೆಂಬರ್:

ಅಣ್ಣಾರ, ಹಂಗಾರ ನಿಮ್ಮ ಹೆಣ್ತಿ ನಿಂತಾಗ ಡಾಂಗಲ್ ಆಕಿ ಕೈಯಾಗ ಕೊಡ್ರಿ, ಬ್ಯಾರೆ ಏನೂ ಕೇಳಲ್ಲ ನಾನು. ಒಬ್ಬಾಕೀನ್ನ ಕಳಿಸಬ್ಯಾಡ್ರಿ, ಖರೇ ಅದ, ನಾಕು ಮಂದಿ ಹೆಣ್ಮಕ್ಳ ಸಂಗಟ ಕಳಿಸ್ರಿ. ನೀವು ಹೊರಗ ಕುಂದ್ರಿ, ಚಾ ಕುಡೀರಿ.

ಕುಷ್ಟಗಿ_ತಂಗಿ:

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ, ಇಷ್ಟು ಮಂದಿ ಇಷ್ಟು ಉದ್ದ ಬರೀತೀರಂತ ತಿಳ್ಕೊಂಡಿರ್ಲಿಲ್ಲ. ಭಾವ ಹುಬ್ಬಳ್ಳಿಗೆ ಹೋಗಿದ್ದ, ಅಕ್ಕನ ಮನಿಗೆ ಹೋಗಿ ಕುಂತು ಎಲ್ಲಾ ಓದಿ ಹೇಳಿದೆ. ಉಪನ್ಯಾಸಕಿ ಮೇಡಂ ಹೇಳಿದ ಬಂಗಾಳದ್ದು ಕೇಳಿ ಹೂಂ ಅಂದ್ಲು ಅಷ್ಟ. ಕಾಯಿಪಲ್ಲೆ ಮುದುಕಿದು ಎರಡು ಸಲ ಓದಿಸಿದ್ಲು. ಡಾಂಗಲ್ ಅಂದ್ರ ಏನಂತ ಆಕಿಗೆ ಗೊತ್ತಿಲ್ಲ, ಅಧ್ಯಕ್ಷಿ ಆದ ಹೊಸ್ತಾಗ ಒಮ್ಮೆ ಯಾರೋ ಬಂದು ಫೋಟೋ ತೆಗೆದು ಆಧಾರ್ ಇಸ್ಕೊಂಡು ಹೋಗಿದ್ರಂತ, ಮಾನ್ವಿ ಸರ್ ಹೇಳಿದಂಗ ಅದು ಎಲ್ಲೈತಂತ ಆಕಿಗೆ ಪತ್ತಾನ ಇಲ್ಲ. ನೋಟೀಸ್ ಆಕಿ ಹೆಸರಿಗೆ ಬರ್ತೈತಿ ಅಂದಾಗ ಮುಖ ಬಿಳುಚಿ ಹೋತು, ಆಮ್ಯಾಲೆ ಸಿಟ್ಟು ಬಂತು, ಅಡಿಗಿ ಮನಿಗೆ ಹೋಗಿ ಸುಮ್ನ ಸುಮ್ನ ಪಾತ್ರಿ ಸಪ್ಪಳ ಮಾಡಿದ್ಲು. ಚಲೋ ಆತಂತ ಅನ್ನಿಸ್ತು ನನಗ.

ಈಗ ಆಕೀದು ಒಂದು ಪ್ರಶ್ನೆ ಐತಿ. ಆ ಡಿಜಿಟಲ್ ಸಹಿಗೆ ಓಟಿಪಿ ಗೀಟಿಪಿ ಎಲ್ಲಾ ಭಾವನ ಫೋನಿಗೆ ಹೋಗಾಕತ್ತಿರ್ಬೇಕು, ಆಕಿ ಆಧಾರಿಗೆ ಭಾವನ ನಂಬರ್ ಐತಿ. ಆಕಿ ಹತ್ರ ಬಟನ್ ಫೋನ್ ಒಂದೈತಿ, ಅದರ ಸಿಮ್ಮೂ ಭಾವನ ಹೆಸರಿಂದ. ಪಿಡಿಒಗ ಫೋನ್ ಹಚ್ಚಿ ಏನಂತ ಕೇಳ್ಬೇಕು, ಅವನು ತಿರುಗಿ ಭಾವಗ ಹೇಳಿದ್ರ ಏನ್ ಮಾಡ್ಬೇಕು?

ಮಾನ್ವಿ_ಬಿಸ್ಲು:

ಹೇಳೇ ಹೇಳ್ತಾನ, ಅದನ್ನ ತಿಳ್ಕೊಂಡೇ ಹೋಗ್ರಿ. ಅದಕ್ಕೆ ಫೋನ್ ಹಚ್ಚಬ್ಯಾಡ್ರಿ. ಮೊದ್ಲು ಆಕಿ ಆಧಾರ್ ಕಾರ್ಡ್ ತಗೊಂಡು ನೀವಿಬ್ರೂ ಹೋಗಿ ಆಕಿ ಹೆಸರಿಲೆ ಒಂದು ಸಿಮ್ ತಗೊಳ್ರಿ, ಬೆರಳು ಒತ್ತಿದ್ರೆ ಅವತ್ತೇ ಚಾಲೂ ಆಗ್ತದ. ಆ ನಂಬರ್ ಆಧಾರಿಗೆ ಹಾಕ್ಸಲಿಕ್ಕೆ ಆಧಾರ್ ಸೆಂಟರಿಗೆ ಆಕಿನೇ ಖುದ್ದು ಹೋಗ್ಲಿ, ಹಳೇ ನಂಬರಿನ ಓಟಿಪಿ ಅಲ್ಲಿ ಕೇಳಲ್ಲ, ಬೆರಳಚ್ಚು ಸಾಕು. ಕುಷ್ಟಗಿಗೆ ಬಸ್ಸಿಗೆ ದುಡ್ಡು ಕೂಡ ಬೇಕಿಲ್ಲ ಈಗ.

ನಂಬರ್ ಬದ್ಲಿ ಆಗ್ಯದ ಅಂತ ಮೆಸೇಜ್ ಬಂದ ಮ್ಯಾಲೆ ಬಿಳಿ ಹಾಳಿ ಮ್ಯಾಲೆ ಒಂದು ಪತ್ರ ಬರೀಲಿ. "ನನ್ನ ಡಿಜಿಟಲ್ ಸಹಿ ಸಾಧನವನ್ನು ನನಗೇ ಒಪ್ಪಿಸಬೇಕು, ಇನ್ನು ಮುಂದೆ ನನ್ನ ಗೈರುಹಾಜರಿಯಲ್ಲಿ ಬಳಸಬಾರದು, ಹೊಸ ಮೊಬೈಲ್ ನಂಬರ್ ಇದು" ಇಷ್ಟೇ, ಯಾರ ಮ್ಯಾಲೂ ದೂರಿಲ್ಲ, ಭಾವನ ಹೆಸರು ತರೋದೇ ಬ್ಯಾಡ. ಅದನ್ನ ಆಫೀಸಿನ ಟಪಾಲಿನಾಗ ಕೊಟ್ಟು ಇನ್ನೊಂದು ಪ್ರತಿ ಮ್ಯಾಲೆ ಸೀಲ್ ಹಾಕ್ಸಿಕೊಂಡು ಬರ್ಲಿ. ಸೀಲ್ ಬಿದ್ದ ಪತ್ರ ಇದ್ರೆ ಯಾವ ಪಿಡಿಒನೂ ಆಮ್ಯಾಲೆ ಆಕಿ ಇಲ್ಲದೆ ಡಾಂಗಲ್ ಹಚ್ಚಲ್ಲ, ನಾಳೆ ತನಗೇ ಬರ್ತದ ಅಂತ ಅವನಿಗೆ ಗೊತ್ತಿರ್ತದ. ಭಾವ ಕೇಳಿದ್ರೆ, ನೋಟೀಸ್ ಬರ್ತದಂತ, ಅದಕ್ಕೆ ಕೊಟ್ಟೆ ಅಂತ ಹೇಳ್ಲಿ. ಅದು ಸುಳ್ಳೂ ಅಲ್ಲ.

ಗೋಡಿ ಮ್ಯಾಲಿನ ನಂಬರೂ ಅಳಿಸಿ ಹೊಸದು ಬರ್ಸಲಿಕ್ಕೆ ಹೇಳ್ರಿ. ಒಂದು ವಾರ ಫೋನ್ ಬಾಯಿ ಮುಚ್ಚಲ್ಲ, ಅದಕ್ಕ ತಯಾರಿರ್ಲಿ.